ಹುಟ್ಟುಹಬ್ಬದ ದಿನ ಹುಟ್ಟಿನ ಮಾತು

(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘದ ಹುಟ್ಟುಹಬ್ಬದಂದು ದೋಣಿಯ ಹುಟ್ಟಿನ ಬಗ್ಗೆ ಮಾತಾಡುತ್ತೇವೆ ಎಂದಾಗ ಕಾರ್ಯದರ್ಶಿಗಳು ನಕ್ಕರು. "ಡಾಕ್ಟ್ರೇ, ಬಿ.ಪಿ., ಸಕ್ಕರೆ ಕಾಯಿಲೆ ಬಗ್ಗೆ ನಾಲ್ಕು ಮಾತು ಹೇಳಿ, ಸಾಕು" ಎಂದರು. ಅದನ್ನೂ ಹೇಳುತ್ತೇವೆ, ಆದರೆ ಸಮುದ್ರದ ದಾರಿಯಿಂದ.

ಹವಾಯಿಯ ಮೊಲೊಕಾಯಿ ದ್ವೀಪದಿಂದ ಒವಾಹು ದ್ವೀಪಕ್ಕೆ ಕೈವಿ ಜಲಸಂಧಿಯನ್ನು ದಾಟುವ ದೋಣಿ ಸ್ಪರ್ಧೆಗೆ 'ಮೊಲೊಕಾಯಿ ಹೊಎ' ಎಂದು ಹೆಸರು. 'ಹೊಎ' ಎಂದರೆ ನಮ್ಮ ಹುಟ್ಟೇ. ದೂರ ಸುಮಾರು 40 ಮೈಲಿ. 1952ರಲ್ಲಿ ಮೊದಲ ಸಲ ನಡೆದಾಗ ಬಂದದ್ದು ಮೂರೇ ದೋಣಿ. ಗೆದ್ದವರಿಗೂ ಒಂಬತ್ತು ಗಂಟೆಯ ಹತ್ತಿರ ಹಿಡಿಯಿತು. ಮೊದಲ ದರ್ಜೆಯ ತಂಡಗಳು ಈಚೆಗೆ ಐದು ಗಂಟೆಯೊಳಗೆ ದಾಟಿವೆ. ಮಹಿಳೆಯರ ಸ್ಪರ್ಧೆ 1979ರಲ್ಲಿ ಆರಂಭವಾಯಿತು. ಆ ಕಡಲು ಸಾಧುವಲ್ಲ. 1978ರಲ್ಲಿ 'ಹೋಕುಲೆಆ' ಎಂಬ ಹಾಯಿದೋಣಿ ಮೊಲೊಕಾಯಿಯ ಬಳಿ ಮಗುಚಿದಾಗ, ಸಹಾಯ ತರಲು ಸರ್ಫ್ ಹಲಗೆಯ ಮೇಲೆ ಹೊರಟ ಎಡ್ಡಿ ಐಕಾವು ಮರಳಿ ಬರಲೇ ಇಲ್ಲ.

ಸ್ಪರ್ಧೆಯ ದೋಣಿ 400 ಪೌಂಡು ತೂಕದ್ದು, ಆರು ಜನ ಒಬ್ಬರ ಹಿಂದೆ ಒಬ್ಬರು ಕೂರುವಷ್ಟೇ ಅಗಲ. ಎಡಪಕ್ಕಕ್ಕೆ ಎರಡು ಅಡ್ಡಗೋಲುಗಳ ತುದಿಯಲ್ಲಿ ಕಟ್ಟಿದ 'ಅಮ' ಎಂಬ ತೇಲುಮರವೇ ಅದರ ಆಧಾರ. ಕಾರವಾರದ ಕಡೆಯ ಮೀನುಗಾರರ ದೋಣಿ ನೋಡಿದವರಿಗೆ ಈ ಏರ್ಪಾಟು ಹೊಸದಲ್ಲ.

2019ರ ಅಕ್ಟೋಬರ್ ಸ್ಪರ್ಧೆಗೆಂದು ಆ ವರ್ಷದ ಜನವರಿಯಲ್ಲಿ ನಾವು ಹತ್ತು ಜನ ಸೇರಿದೆವು. ಎಲ್ಲರೂ ನಲವತ್ತು ದಾಟಿದವರು. ಅದರಲ್ಲಿ ಕನ್ನಡಿಗರು ಇಬ್ಬರು. ದೋಣಿ ಮುಟ್ಟುವ ಮೊದಲು ಎಲ್ಲರಿಗೂ ಹೃದಯದ ತಪಾಸಣೆ ಎಂದು ನಿಯಮ ಮಾಡಿದೆವು. ಕೆಲವರು ಗೊಣಗಿದರು. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ದೋಷ ಕಂಡದ್ದು ನಮ್ಮ ಆ ಇನ್ನೊಬ್ಬ ಕನ್ನಡಿಗರಿಗೇ! ಸಸ್ಯಾಹಾರಿ, ಸಿಗರೇಟು ಮುಟ್ಟಿದವರಲ್ಲ, ಎದೆನೋವೂ ಇರಲಿಲ್ಲ. ಮುಖ್ಯ ರಕ್ತನಾಳವೊಂದು ಬಹುಪಾಲು ಮುಚ್ಚಿತ್ತು. ಸ್ಟೆಂಟ್ ಹಾಕಿಸಿಕೊಂಡು ಅವರು ಬೆಂಗಾವಲು ದೋಣಿಯಲ್ಲಿ ಗಡಿಯಾರ ಹಿಡಿಯುವವರಾದರು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಸುಮಾರು ಐದಾರು ವರ್ಷ ಮುಂಚೆಯೇ ಆಗುವುದು ಕಂಡುಬಂದಿತ್ತು. ಓದಿ ತಿಳಿದ ಆ ಅಂಕಿ ಅಂದು ನಮ್ಮ ಪಕ್ಕದಲ್ಲೇ ಬಂದು ಕೂತಿತು.

ಉಳಿದ ಒಂಬತ್ತು ಜನರ ಅಭ್ಯಾಸ ಹೀಗಿತ್ತು. ವಾರದಲ್ಲಿ ಎರಡು ದಿನ ಆಸ್ಪತ್ರೆ, ಆಫೀಸುಗಳಿಗೆ ಮುಂಚೆ ಬೆಳಗಿನ ಜಾವ ಒಂದು ಗಂಟೆ. ಶನಿವಾರ ದೀರ್ಘ ಪಯಣ. ಒಂದೂವರೆ ಗಂಟೆಯಿಂದ ಆರಂಭಿಸಿ ಬೇಸಿಗೆ ಮುಗಿಯುವ ಹೊತ್ತಿಗೆ ಐದು ಗಂಟೆಗೆ ಏರಿಸಿದೆವು. ಮೂರು ವಾರ ಏರಿಕೆ, ನಾಲ್ಕನೆಯ ವಾರ ಇಳಿಕೆ. ವಿಶ್ರಾಂತಿಯಲ್ಲೇ ಸ್ನಾಯು ಬಲಿಯುವುದು. ಹುಟ್ಟು ಹಾಕುವುದು ತೋಳಿನ ಕೆಲಸವೆಂದು ತಿಳಿದವರ ಭುಜ ತಿಂಗಳೊಳಗೆ ನೋಯುತ್ತದೆ. ಕಾಲನ್ನು ಒತ್ತಿ, ಸೊಂಟದಿಂದ ಮೈ ತಿರುಗಿಸಿ ಎಳೆಯಬೇಕು. ಹದಿನೈದು ಎಳೆತಕ್ಕೊಮ್ಮೆ ಒಬ್ಬರು ಕೂಗು ಹಾಕಿದರೆ ಆರೂ ಜನ ಒಟ್ಟಿಗೆ ಪಕ್ಕ ಬದಲಿಸಬೇಕು. ದೋಣಿ ಮಗುಚಿದರೆ ಎತ್ತಿ ನಿಲ್ಲಿಸಿ, ನೀರು ತೋಡಿ, ಮತ್ತೆ ಹೊರಡುವುದನ್ನೂ ಹಲವು ಸಲ ಅಭ್ಯಾಸ ಮಾಡಿದೆವು.

ಊಟದ ಮಾತು. ದೀರ್ಘ ಪಯಣದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ನಮಗೆ ಬಾಳೆಹಣ್ಣು, ಖರ್ಜೂರ, ಉಪ್ಪು ಹಾಕಿದ ಗಂಜಿ ಒಗ್ಗಿತು. ಬರೀ ನೀರನ್ನು ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಹೋಗುವಾಗ ಬರುವಾಗ ತೂಕ ನೋಡಿ, ಎಷ್ಟು ಕುಡಿಯಬೇಕೆಂದು ಲೆಕ್ಕ ಹಾಕುತ್ತಿದ್ದೆವು.

ಎಲ್ಲಕ್ಕಿಂತ ಕಷ್ಟದ್ದು ಆಳು ಬದಲಾವಣೆ. ಸೀಟು ಆರು, ಜನ ಒಂಬತ್ತು. ಹೊಸಬರು ಬೆಂಗಾವಲು ದೋಣಿಯಿಂದ ಮುಂದೆಯೇ ನೀರಿಗಿಳಿದು ಸಾಲಾಗಿ ತೇಲುತ್ತಿರುತ್ತಾರೆ. ದೋಣಿ ಹತ್ತಿರ ಬಂದಾಗ ದಣಿದವರು ಬಲಕ್ಕೆ ಹಾರುತ್ತಾರೆ, ಹೊಸಬರು ಎಡದಿಂದ ಹತ್ತುತ್ತಾರೆ. ದೋಣಿ ನಿಲ್ಲುವುದಿಲ್ಲ. ಇನ್ನೂ ಶಕ್ತಿಯಿದೆ ಎನ್ನುವಾಗಲೇ ಸೀಟು ಬಿಡುವುದು ನಮಗೆ ಸುಲಭವಾಗಿ ಬರಲಿಲ್ಲ. ಪೂರ್ತಿ ದಣಿದ ಮೇಲೆ ಬಿಟ್ಟರೆ ದೋಣಿಯ ವೇಗ ಅಷ್ಟರಲ್ಲೇ ಕುಸಿದಿರುತ್ತದೆ. ನಮ್ಮ ಸಂಘದ ಹಿರಿಯರೂ, ಹಿಂದಿನ ಸಾಲಿನಲ್ಲಿ ಕೂತ ಯುವಕ ಯುವತಿಯರೂ ಇದನ್ನು ಸ್ವಲ್ಪ ಯೋಚಿಸಬಹುದು!

ಅಕ್ಟೋಬರ್‌ನಲ್ಲಿ ನಾವು ದಾಟಿದೆವು. ಏಳು ಗಂಟೆಗೂ ಹೆಚ್ಚು ಹಿಡಿಯಿತು, ಪದಕವೇನೂ ಬರಲಿಲ್ಲ. ದಡ ಮುಟ್ಟಿದಾಗ ಹತ್ತು ಜನರೂ ಇದ್ದೆವು. ಆ ತಪಾಸಣೆ ಮಾಡಿಸದಿದ್ದರೆ ಈ ಲೆಕ್ಕ ಹೀಗೇ ಇರುತ್ತಿತ್ತೆಂದು ಹೇಳುವ ಧೈರ್ಯ ನಮಗಿಲ್ಲ.

ಎಲ್ಲರೂ ಸಮುದ್ರಕ್ಕಿಳಿಯಿರಿ ಎನ್ನುವುದಿಲ್ಲ. ಊಟಕ್ಕೆ ಏಳುವ ಮುನ್ನ ಒಂದು ಕೋರಿಕೆ: ನಲವತ್ತು ದಾಟಿದವರು ಸೋಮವಾರ ನಿಮ್ಮ ವೈದ್ಯರಿಗೆ ಫೋನು ಮಾಡಿ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳಿ. ಆಮೇಲೆ ಹೋಳಿಗೆ ಎಷ್ಟು ತಿನ್ನಬಹುದೆಂದು ಅವರನ್ನೇ ಕೇಳಿ. ಇವತ್ತು ಮಾತ್ರ ನಮ್ಮನ್ನು ಕೇಳಬೇಡಿ.

 ಸಿರಿಗನ್ನಡಂ ಗೆಲ್ಗೆ.