ವಿದ್ಯುತ್ತಿನ ಭಾಗಾಕಾರ, ಗುಣಾಕಾರ



ಮನೆಗೆ ಬರುವ ವಿದ್ಯುತ್ತಿನ ವಿಚಾರದಲ್ಲಿ ನಮ್ಮಲ್ಲಿ ಬಹುಮಂದಿಗೆ ತಿಂಗಳಿಗೊಮ್ಮೆ ಆಸಕ್ತಿ ಹುಟ್ಟುತ್ತದೆ. ಅದೂ ಬಿಲ್ಲು ಬಂದ ದಿನ. ಉಳಿದಂತೆ ಗುಂಡಿಯನ್ನು ಒತ್ತುವುದು, ದೀಪ ಹತ್ತುವುದು, ಇಷ್ಟರಲ್ಲಿಯೇ ಪರಿಚಯ ಮುಗಿಯುತ್ತದೆ. ಭಾಗಾಕಾರ ಗುಣಾಕಾರಗಳನ್ನು ಬಲ್ಲವರು ಇದನ್ನು ಇನ್ನಷ್ಟು ಬೆಳೆಸಿಕೊಳ್ಳಬಹುದು. ಅದಕ್ಕೆ ಬೇಕಾದವು ಎರಡೇ ಅಂಕಿಗಳು: ವಿದ್ಯುತ್ತನ್ನು ನೂಕುವ ಒತ್ತಡ ಎಷ್ಟು ವೋಲ್ಟು, ಹರಿಯುವ ಪ್ರವಾಹ ಎಷ್ಟು ಆಂಪಿಯರು ಎಂಬುದು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿಯು ಒಡ್ಡುವ ರೋಧವು ಓಮುಗಳಲ್ಲಿ ದೊರೆಯುತ್ತದೆ. ಎರಡನ್ನೂ ಗುಣಿಸಿದರೆ ಸಾಧನದ ಸಾಮರ್ಥ್ಯವು ವ್ಯಾಟುಗಳಲ್ಲಿ ದೊರೆಯುತ್ತದೆ.

ಮೊದಲನೆಯ ಲೆಕ್ಕವನ್ನು 1827ರಲ್ಲಿ ಗ್ರಂಥರೂಪದಲ್ಲಿ ಮುಂದಿಟ್ಟವನು ಜರ್ಮನಿಯ ಓಮ್ ಎಂಬ ಉಪಾಧ್ಯಾಯ. ಅಂದಿನ ಬ್ಯಾಟರಿಗಳ ಒತ್ತಡ ಒಂದೇ ಸಮನಾಗಿ ನಿಲ್ಲುತ್ತಿರಲಿಲ್ಲ. ಆದಕಾರಣ ಅವನು ಬಿಸ್ಮತ್ ಮತ್ತು ತಾಮ್ರಗಳನ್ನು ಜೋಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನ ಕಾವಿನಲ್ಲಿಯೂ ಮತ್ತೊಂದನ್ನು ಮಂಜುಗಡ್ಡೆಯ ತಂಪಿನಲ್ಲಿಯೂ ಇಟ್ಟು, ಅಲುಗಾಡದ ಒತ್ತಡವನ್ನು ಪಡೆದನು. ಸ್ವದೇಶದಲ್ಲಿ ಮೊದಲು ಅವನಿಗೆ ತಕ್ಕ ಆದರ ದೊರೆಯಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಪದಕವಿತ್ತು ಗೌರವಿಸಿದರು. ಅದೇ ವರ್ಷ ಇಂಗ್ಲೆಂಡಿನ ಜೌಲ್, ತಂತಿಯಲ್ಲಿ ಹುಟ್ಟುವ ಕಾವು ಪ್ರವಾಹದ ವರ್ಗವನ್ನು ಅನುಸರಿಸುತ್ತದೆಂದು ಪ್ರಕಟಿಸಿದನು. ಪ್ರವಾಹ ಇಮ್ಮಡಿಯಾದರೆ ಕಾವು ನಾಲ್ಮಡಿ. ಈ ಮಾತು ಮುಂದೆ ಬೇಕಾಗುತ್ತದೆ.

ಸ್ನಾನದ ನೀರು ಕಾಯಿಸುವ ಗೀಜರಿನ ಮೇಲೆ 230 ವೋಲ್ಟು, 2000 ವ್ಯಾಟು ಎಂದು ಬರೆದಿದೆ ಎನ್ನಿ. 2000ವನ್ನು 230ರಿಂದ ಭಾಗಿಸಿದರೆ ಪ್ರವಾಹ ಸುಮಾರು 8.7 ಆಂಪಿಯರು. 230ನ್ನು ಈ 8.7ರಿಂದ ಭಾಗಿಸಿದರೆ ರೋಧ ಸುಮಾರು 26.4 ಓಮು. ಹಳೆಯ ಮಾದರಿಯ 100 ವ್ಯಾಟಿನ ಬುರುಡೆದೀಪಕ್ಕೆ ಇದೇ ಲೆಕ್ಕ ಹಾಕಿದರೆ, ಅದು ಉರಿಯುತ್ತಿರುವಾಗಿನ ರೋಧ 529 ಓಮು ಎಂದು ಬರುತ್ತದೆ. ತಡೆ ಇದ್ದಲ್ಲಿ ಕಾವು ಹುಟ್ಟುವುದಾದರೆ, ಹೆಚ್ಚು ತಡೆಯುಳ್ಳ ದೀಪವೇ ಹೆಚ್ಚು ಕಾಯಬೇಡವೆ? ಇಲ್ಲ. ಒತ್ತಡ ಎರಡಕ್ಕೂ ಒಂದೇ. ತಡೆ ಕಡಿಮೆ ಇರುವ ಕಡೆ ಪ್ರವಾಹ ನುಗ್ಗುತ್ತದೆ, ಕಾವು ಪ್ರವಾಹದ ವರ್ಗವನ್ನು ಹಿಡಿದು ಏರುತ್ತದೆ. (ಫ್ಯಾನು ಮೊದಲಾದ ಮೋಟಾರುಗಳಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಇಂದಿನ ಮಾತು ಕಾವಿನ ಸಾಧನಗಳಿಗೆ ಮಾತ್ರ.)

ಒತ್ತಡಕ್ಕೆ ಬದಲಾಗಿ ಪ್ರವಾಹವೇ ಸಮನಾಗಿದ್ದರೆ ನ್ಯಾಯ ತಿರುಗಿಬೀಳುತ್ತದೆ. ಆಗ ತಡೆ ಹೆಚ್ಚಿರುವಲ್ಲಿಯೇ ಕಾವು ಹೆಚ್ಚು. ಇದನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ಪ್ರಸಂಗ ನಮ್ಮ ಮೈಸೂರು ಸಂಸ್ಥಾನದಲ್ಲಿಯೇ ನಡೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಲೆಕ್ಕ ಮಾತ್ರ ಹಳತಾಗಿಲ್ಲ. ಸುಲಭವಾಗಲೆಂದು ನಾವೇ ಅಂಕಿಗಳನ್ನು ಊಹಿಸಿಕೊಳ್ಳೋಣ. 30,000 ವೋಲ್ಟಿನಲ್ಲಿ 30 ಲಕ್ಷ ವ್ಯಾಟುಗಳನ್ನು ಕಳುಹಿಸಲು 100 ಆಂಪಿಯರು ಸಾಕು. ಮಾರ್ಗದ ರೋಧ 5 ಓಮು ಆದರೆ ದಾರಿಯಲ್ಲಿ ನಷ್ಟವಾಗುವುದು 50,000 ವ್ಯಾಟು, ಅಂದರೆ ಅರುವತ್ತರಲ್ಲಿ ಒಂದು ಪಾಲು. ಅದೇ ಸಾಮರ್ಥ್ಯವನ್ನು 300 ವೋಲ್ಟಿನಲ್ಲಿ ಕಳುಹಿಸಬೇಕಾದರೆ 10,000 ಆಂಪಿಯರು ಬೇಕು. ಅಷ್ಟು ಪ್ರವಾಹವನ್ನು ಆ 5 ಓಮಿನಲ್ಲಿ ನೂಕುವುದಕ್ಕೇ 50,000 ವೋಲ್ಟು ಬೇಕು, ಕೈಯಲ್ಲಿರುವುದು 300! ಕೋಲಾರದಲ್ಲಿ ಒಂದು ಯಂತ್ರವೂ ತಿರುಗುತ್ತಿರಲಿಲ್ಲ. ಬಹುದೂರದ ಮಾರ್ಗಗಳಲ್ಲಿ ಒತ್ತಡವನ್ನು ಅಷ್ಟು ಎತ್ತರಕ್ಕೆ ಏರಿಸುವುದು ಇದಕ್ಕಾಗಿ.

ಮನೆಯೊಳಗೂ ಇಂಥದೊಂದು ಸಣ್ಣ ಮಾರ್ಗವಿದೆ. ಗೀಜರಿನ ಪ್ಲಗ್ಗು ಗೋಡೆಯ ಸಾಕೆಟ್ಟಿನಲ್ಲಿ ಸಡಿಲವಾಗಿ ಕುಳಿತು, ಆ ಸಂಧಿಯಲ್ಲಿ ಅರ್ಧ ಓಮಿನಷ್ಟು ರೋಧ ಸೇರಿಕೊಂಡಿತೆನ್ನಿ. ಒಟ್ಟು ರೋಧ ಸುಮಾರು 27 ಓಮಾಗಿ, ಪ್ರವಾಹ ಸುಮಾರು 8.5 ಆಂಪಿಯರಿಗೆ ಇಳಿಯುತ್ತದೆ. ಅದರ ವರ್ಗವನ್ನು ಅರ್ಧದಿಂದ ಗುಣಿಸಿ ನೋಡಿ: 36 ವ್ಯಾಟು. ಸಣ್ಣ ಅಂಕಿಯೆಂದು ತಳ್ಳಿಹಾಕುವಂತಿಲ್ಲ. ರೇಡಿಯೊ ರಿಪೇರಿಯವರು 25 ವ್ಯಾಟಿನ ಕಡ್ಡಿಯಿಂದ ಬೆಸುಗೆಯ ಲೋಹವನ್ನು ಕರಗಿಸುತ್ತಾರೆ. ಇಲ್ಲಿ ಅದಕ್ಕೂ ಮಿಗಿಲಾದ ಕಾವು ಬೆರಳ ತುದಿಯಷ್ಟು ಜಾಗದಲ್ಲಿ, ಗಾಳಿಯಾಡದ ಪ್ಲಾಸ್ಟಿಕ್ಕಿನ ಗೂಡಿನೊಳಗೆ, ನೀರು ಕಾಯುವಷ್ಟು ಹೊತ್ತೂ ಹುಟ್ಟುತ್ತಿರುತ್ತದೆ.

ಫ್ಯೂಸು ಇದೆಯಲ್ಲಾ ಎಂದು ಕೇಳುವಿರಿ. ಫ್ಯೂಸು ಪ್ರವಾಹವನ್ನು ಕಾಯುವ ಪಹರೆಯವನು. ಮಿತಿಯನ್ನು ಮೀರಿ ಆಂಪಿಯರುಗಳು ಹರಿದರೆ ತಾನು ಕರಗಿ ದಾರಿಯನ್ನು ಕಡಿಯುತ್ತದೆ. ಈ ಸಡಿಲ ಸಂಧಿಯಲ್ಲಾದರೋ ಪ್ರವಾಹ ಹೆಚ್ಚುವ ಬದಲು ಕೊಂಚ ತಗ್ಗಿದೆ! ಪಹರೆಯವನ ದೃಷ್ಟಿಯಲ್ಲಿ ಎಲ್ಲವೂ ಕ್ಷೇಮ. ಇತ್ತ ಕಾವಿಗೆ ಹಿತ್ತಾಳೆಯ ಮುಖ ಕಪ್ಪಡರಿ, ಸಾಕೆಟ್ಟಿನ ಹಿಡಿತ ಸಡಿಲಿ, ರೋಧ ಮತ್ತಷ್ಟು ಏರುತ್ತದೆ. ರೋಧ ಏರಿದಂತೆ ಕಾವೂ ಏರುತ್ತದೆ. ಕಡೆಗೆ ಪ್ಲಾಸ್ಟಿಕ್ಕು ಕರಗಿ ಹೊಗೆಯಾಡುವಾಗಲೂ ಫ್ಯೂಸು ಸುಮ್ಮನಿರಬಹುದು.

ಆದುದರಿಂದ ನೀರು ಕಾದ ಮೇಲೆ ಗುಂಡಿಯನ್ನು ಆರಿಸಿ, ಒಣಗಿದ ಕೈಯಿಂದ ಪ್ಲಗ್ಗಿನ ಬೆನ್ನನ್ನು ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಗಾಬರಿಯಿಲ್ಲ. ಕೈಯಿಡಲಾಗದಷ್ಟು ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ, ಕಡ್ಡಿಗಳ ಬುಡ ಕಪ್ಪಾಗಿದ್ದರೆ, ಆ ಪ್ಲಗ್ಗನ್ನೂ ಸಾಕೆಟ್ಟನ್ನೂ ಬದಲಾಯಿಸುವವರೆಗೆ ಸ್ನಾನದ ನೀರನ್ನು ಒಲೆಯ ಮೇಲೆ ಕಾಯಿಸಿಕೊಳ್ಳಿ.