ಸ್ವಯಂಭೂ ಗುಡ್ಡದ ಕಪಿಗಳು

ನೇಪಾಳದ ಕಠ್ಮಂಡು ನಗರದ ಪಶ್ಚಿಮದ ಗುಡ್ಡದ ಮೇಲೆ ಸ್ವಯಂಭೂನಾಥ ಸ್ತೂಪವಿದೆ. ಪೂರ್ವದ ಕಡಿದಾದ 365 ಮೆಟ್ಟಿಲುಗಳನ್ನೇರುವ ಯಾತ್ರಿಕರನ್ನು ರೀಸಸ್ ಕೋತಿಗಳು ಎದುರುಗೊಳ್ಳುತ್ತವೆ. ಮಂಜುಶ್ರೀ ಬೋಧಿಸತ್ವನ ತಲೆಯ ಹೇನುಗಳೇ ಈ ಕಪಿಗಳಾದವೆಂಬುದು ಅಲ್ಲಿನ ಐತಿಹ್ಯ. ಆದುದರಿಂದ ಅವು ಪವಿತ್ರ.

ಆದರೆ ಗುಡ್ಡದ ಸುತ್ತಲೂ ನಗರ ಬೆಳೆದಿದೆ. ಮರಗಳು ಇಳಿಜಾರಿನಲ್ಲಷ್ಟೇ ಉಳಿದಿವೆ. ಯಾತ್ರಿಕರು ನೀಡುವ ತಿಂಡಿ, ಪೂಜೆಯ ಅಕ್ಕಿಗಳೇ ಕಪಿಗಳಿಗೆ ಆಹಾರ. ಕೈಚೀಲ ಕಂಡರೆ ಕಸಿಯಲೆತ್ನಿಸುತ್ತವೆ. ಅದು ನೀಡಿದ ಕೈಗಳೇ ಕಲಿಸಿದ ಪಾಠ.

ನಮ್ಮ ಘಟ್ಟದ ರಸ್ತೆಗಳಲ್ಲಿ ವಾಹನ ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು ಎಸೆಯುವವರು ಕಲಿಸುತ್ತಿರುವುದೂ ಇದನ್ನೇ. ಅದರ ಬೆಲೆ ತೆರುವವನು ಕಾಡಂಚಿನ ತೋಟದ ರೈತ. ಚಕ್ರಕ್ಕೆ ಸಿಕ್ಕಿ ಸಾಯುವುದು ಮಂಗ. ಭಕ್ತಿಯಿದ್ದವರು ಅತ್ತಿ, ನೇರಳೆ, ಹಲಸುಗಳಿರುವ ಕಾಡನ್ನು ಉಳಿಸಲಿ. ಮಂಗಕ್ಕೆ ಸಲ್ಲಬೇಕಾದ ನೈವೇದ್ಯ ಅದೇ.