ನೋಟಕ್ಕೆ ಸುಂಕವೇಕೆ?

(ಸಂಘದ ಮುಂಬಯಿ ಸಭೆಯಲ್ಲಿ ಮಾಡಿದ ಉಪನ್ಯಾಸದ ಲೇಖರೂಪ)



ಸಾಹಿತ್ಯದ ಇತಿಹಾಸವನ್ನು ಅಗ್ಗದ ಪುಸ್ತಕದಿಂದಲೂ ಕಲಿಯಬಹುದು. ಶಿಲ್ಪ ಮತ್ತು ಚಿತ್ರಕಲೆಗಳ ಇತಿಹಾಸ ಹಾಗಲ್ಲ. ಅಲ್ಲಿ ಚಿತ್ರವೇ ಪಾಠ. ಅದಕ್ಕೆ ಒಳ್ಳೆಯ ಕಾಗದ ಬೇಕು, ಬಣ್ಣದ ಮುದ್ರಣ ಬೇಕು. ಎಷ್ಟೋ ಸಲ ಇವೆರಡಕ್ಕೂ ಮೊದಲು ವಸ್ತುಸಂಗ್ರಹಾಲಯದ ಅನುಮತಿ ಬೇಕು, ಅನುಮತಿಗೆ ಶುಲ್ಕ ಬೇಕು. ಮೂರ್ತಿಯನ್ನು ಕಡೆದ ರೂವಾರಿ ಸಾವಿರ ವರ್ಷಗಳ ಹಿಂದೆಯೇ ತೀರಿಕೊಂಡಿರಬಹುದು, ಆದರೆ ಛಾಯಾಚಿತ್ರದ ಹಕ್ಕು ಜೀವಂತವಾಗಿರುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಅದು ಸಾಮಾನ್ಯವಾಗಿ ಛಾಯಾಗ್ರಾಹಕನ ಮರಣದ ಅನಂತರ 60 ವರ್ಷಗಳವರೆಗೆ ಉಳಿಯುತ್ತದೆ. ಕಲೆಯ ಇತಿಹಾಸ ಉಳ್ಳವರ ವಿದ್ಯೆಯಾಗಿ ಉಳಿದುದಕ್ಕೆ ಅಭಿರುಚಿಯ ಕೊರತೆ ಕಾರಣವೆಂದು ಹೇಳುವವರು ಈ ಲೆಕ್ಕವನ್ನು ಗಮನಿಸಿದಂತಿಲ್ಲ.

ಈ ಗೋಡೆಯಲ್ಲಿ ಬಾಗಿಲು ಕೊರೆದವರಲ್ಲಿ ನ್ಯೂಯಾರ್ಕಿನ ಇಬ್ಬರು ಅಧ್ಯಾಪಕರಿದ್ದಾರೆ: ಬೆತ್ ಹ್ಯಾರಿಸ್ ಮತ್ತು ಸ್ಟೀವನ್ ಝಕರ್. ವಿದ್ಯಾರ್ಥಿಗಳು ಕೊಳ್ಳಬೇಕಾಗಿದ್ದ ದಪ್ಪನೆಯ, ದುಬಾರಿ ಪಠ್ಯಪುಸ್ತಕಗಳಿಂದ ಬೇಸತ್ತ ಇವರು 2005ರಲ್ಲಿ 'ಸ್ಮಾರ್ಟ್‌ಹಿಸ್ಟರಿ'ಯನ್ನು ಆರಂಭಿಸಿದರು. ಮೊದಲು ಅದು ಆ ನಗರದ ಎರಡು ದೊಡ್ಡ ಸಂಗ್ರಹಾಲಯಗಳನ್ನು ನೋಡಹೋಗುವವರಿಗಾಗಿ ಧ್ವನಿಮುದ್ರಿಸಿದ ವಿವರಣೆ, ಅಷ್ಟೆ. 2011ರಲ್ಲಿ ಖಾನ್ ಅಕಾಡೆಮಿಯೊಂದಿಗೆ ಕೂಡಿಕೊಂಡು, ಅನಂತರ ಲಾಭರಹಿತ ಸಂಸ್ಥೆಯಾಗಿ ಸ್ವತಂತ್ರವಾಗಿ ನಿಂತಿತು. ಇಂದು ನೂರಾರು ವಿದ್ವಾಂಸರು ಅದಕ್ಕೆ ಬರೆದಿದ್ದಾರೆ. ಓದುವವನು ಒಂದು ಕಾಸನ್ನೂ ಕೊಡಬೇಕಾಗಿಲ್ಲ.

ಆದರೆ ಪುಕ್ಕಟೆ ಎಂಬ ಕಾರಣಕ್ಕೆ ನಾನು ಅದನ್ನು ಮೆಚ್ಚುವುದಲ್ಲ. ಅವರ ರೀತಿ ನನಗೆ ಮುಖ್ಯ. ಇಬ್ಬರು ಒಂದು ಕೃತಿಯ ಮುಂದೆ ನಿಲ್ಲುತ್ತಾರೆ; ಕೈಯಲ್ಲಿ ಬರೆದುಕೊಂಡ ಭಾಷಣವಿರುವುದಿಲ್ಲ. ಒಬ್ಬರು ತಮಗೆ ಕಂಡದ್ದನ್ನು ಹೇಳುತ್ತಾರೆ, ಇನ್ನೊಬ್ಬರು ಅದಕ್ಕೆ ಸೇರಿಸುತ್ತಾರೆ, ಕೆಲವೊಮ್ಮೆ ಒಪ್ಪದೆ ತಡೆಯುತ್ತಾರೆ. ಕೇಳುವವನ ಕಣ್ಣು ಅವರ ಮಾತಿನ ಬೆನ್ನುಹತ್ತಿ ಕೃತಿಯ ಮೇಲೆ ಓಡಾಡತೊಡಗುತ್ತದೆ. ಚಿತ್ರದ ಹಕ್ಕಿನ ತೊಡಕನ್ನೂ ಅವರು ಸರಳವಾಗಿ ಬಿಡಿಸಿಕೊಂಡರು: ಝಕರ್ ತಾವೇ ಸಾವಿರಾರು ಚಿತ್ರಗಳನ್ನು ತೆಗೆದು ಅಧ್ಯಾಪಕರ ಬಳಕೆಗೆ ಬಿಟ್ಟುಕೊಟ್ಟಿದ್ದಾರೆ. ಸಂಸ್ಥೆಯ ಬರೆಹಗಳನ್ನು ಮೂಲದ ಹೆಸರು ಹೇಳಿ, ವ್ಯಾಪಾರ ಮಾಡದೆ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಹಂಚಬಹುದು.

ಸಂಗ್ರಹಾಲಯಗಳೂ ಬದಲಾದವು. 1999ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವೊಂದು, ಹಕ್ಕು ಮುಗಿದ ವರ್ಣಚಿತ್ರದ ಯಥಾವತ್ ಛಾಯಾಚಿತ್ರಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲವೆಂದಿತು. 2017ರ ಫೆಬ್ರವರಿಯಲ್ಲಿ ಮೆಟ್ರೊಪಾಲಿಟನ್ ಸಂಗ್ರಹಾಲಯ 3,75,000 ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ತೆರೆದಿಟ್ಟಿತು. 2020ರಲ್ಲಿ ಸ್ಮಿತ್ಸೋನಿಯನ್ 28 ಲಕ್ಷವನ್ನು. ಒಳ್ಳೆಯದೇ. ಆದರೆ ಲಕ್ಷಗಟ್ಟಲೆ ಚಿತ್ರಗಳ ರಾಶಿಯೆದುರು ನಿಂತ ಹುಡುಗನಿಗೆ ಯಾವುದನ್ನು ನೋಡಬೇಕು, ಹೇಗೆ ನೋಡಬೇಕು ಎಂದು ಹೇಳುವವರಿಲ್ಲದಿದ್ದರೆ ಆ ರಾಶಿ ಉಗ್ರಾಣವಷ್ಟೆ.

ಸ್ಮಾರ್ಟ್‌ಹಿಸ್ಟರಿಯಲ್ಲಿ ಭಾರತಕ್ಕೂ ಸ್ಥಾನವುಂಟು, ಆದರೆ ಯುರೋಪಿನ ಕಲೆಗಿರುವಷ್ಟಲ್ಲ. ಮಾತೂ ಬಹುಪಾಲು ಇಂಗ್ಲಿಷಿನದು. ಬೆಂಗಳೂರಿನಲ್ಲಿಯೇ ಮ್ಯಾಪ್ ಅಕಾಡೆಮಿ 2022ರಲ್ಲಿ ಭಾರತೀಯ ಕಲೆಯ ವಿಶ್ವಕೋಶವನ್ನು ಎಲ್ಲರಿಗೂ ತೆರೆಯಿತು. ಸ್ತುತ್ಯವಾದ ಕಾರ್ಯ, ಆದರೆ ಅದು ಹೊರಬಂದದ್ದೂ ಇಂಗ್ಲಿಷಿನಲ್ಲಿ. ನ್ಯೂಯಾರ್ಕಿನವರನ್ನು ನಾವು ದೂರುವಂತಿಲ್ಲ. ಅವರು ತಮ್ಮ ಊರಿನ ಸಂಗ್ರಹಾಲಯದಿಂದ ಆರಂಭಿಸಿದರು. ನಾವು ನಮ್ಮ ಊರಿನದರಿಂದ ಆರಂಭಿಸಬೇಕು.

ನಮ್ಮ ಊರೆಂದರೆ ಈಗ ಈ ಮುಂಬಯಿ. 1922ರಲ್ಲಿ ಸಾರ್ವಜನಿಕರಿಗೆ ತೆರೆದ ಪ್ರಿನ್ಸ್ ಆಫ್ ವೇಲ್ಸ್ ಸಂಗ್ರಹಾಲಯ, ಅಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ, ನಮ್ಮಲ್ಲಿ ಅನೇಕರ ಕಚೇರಿಗೆ ಹತ್ತು ನಿಮಿಷದ ದಾರಿ. ಅಲ್ಲಿ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಛಾವಣಿಯಿಂದ ಬಂದ ಚಪ್ಪಡಿಗಳಿವೆ. ಋಷಿಗಳ ನಡುವೆ ಕುಳಿತ ಬ್ರಹ್ಮ ಅವುಗಳಲ್ಲೊಂದು. ಬಾದಾಮಿ ಚಾಲುಕ್ಯರ ಕಾಲದ ಕೆಲಸ. ಮಂಟಪದಲ್ಲಿ ನಿಂತು, ಕತ್ತೆತ್ತಿ, ಕತ್ತಲೆಗೆ ಕಣ್ಣು ಹೊಂದಿಸಿಕೊಂಡು ನೋಡಲೆಂದು ಕೆತ್ತಿದ್ದನ್ನು ಇಲ್ಲಿ ವಿದ್ಯುದ್ದೀಪದಲ್ಲಿ, ಎದುರೆದುರು ನಿಂತು ನೋಡುತ್ತೇವೆ. ಇಷ್ಟೊಂದು ಹೇಳಿದರೂ ನೋಟ ಬದಲಾಗುತ್ತದೆ. ಇದನ್ನು ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೇಳುವವರು ಯಾರು? ಕನ್ನಡ ಕೇಳಬಲ್ಲರು, ಓದಲಾರರು: ಹೊರನಾಡಿನ ಮನೆಮನೆಯ ಸ್ಥಿತಿ ಇದು. ಅವರಿಗೆ ಗ್ರಂಥಕ್ಕಿಂತ ಧ್ವನಿ ಹತ್ತಿರ.

ಊರು ಬಿಟ್ಟು ಬಂದ ಆ ಕಲ್ಲುಗಳನ್ನು ಮರಳಿ ಕೇಳುವ ವಾದವನ್ನು ನಾನು ಇಲ್ಲಿ ಎತ್ತುವುದಿಲ್ಲ. ಅದು ಬೇರೆ ಸಭೆಯ ವಿಷಯ. ಅವುಗಳ ಅರ್ಥವಾದರೂ ನಮ್ಮ ಭಾಷೆಯಲ್ಲಿ ನಮಗೆ ದೊರೆಯಲಿ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಓಲೆಗರಿಯ ವಚನಗಳನ್ನು ಜನರ ಕೈಗೆ ತಲುಪಿಸಲು ಸ್ವಂತ ಮುದ್ರಣಾಲಯವನ್ನೇ ತೆರೆದರು. ನಮಗೆ ಮುದ್ರಣಾಲಯವೂ ಬೇಡ, ಜೇಬಿನಲ್ಲಿರುವ ದೂರವಾಣಿಯೇ ಧ್ವನಿಯನ್ನು ಹಿಡಿಯುತ್ತದೆ.

ಸಂಘದ ಮುಂದೆ ನನ್ನ ಸೂಚನೆ ಇಷ್ಟು. ಇತಿಹಾಸ ಬಲ್ಲ ಒಬ್ಬರು, ಏನೂ ಅರಿಯದೆ ಪ್ರಶ್ನೆ ಕೇಳುವ ಒಬ್ಬ ಕಾಲೇಜು ವಿದ್ಯಾರ್ಥಿನಿ, ಒಂದು ಚಪ್ಪಡಿ, ಐದು ನಿಮಿಷದ ಮಾತು. ಧಾರವಾಡದ ಕನ್ನಡವಾಗಲಿ ಮಂಗಳೂರಿನದಾಗಲಿ, ಅವರವರ ಬಾಯಲ್ಲಿ ಬಂದಂತೆ ಬರಲಿ. ಮುದ್ರಿಸಿದ್ದನ್ನು ಪುಣೆ, ಚೆನ್ನೈ, ಹೈದರಾಬಾದು, ದೆಹಲಿಯ ಸಂಘಗಳಿಗೆ ಬೆಲೆಯಿಲ್ಲದೆ ಕಳುಹಿಸಿ, ಮುಂದೆ ಹಂಚುವ ಹಕ್ಕನ್ನೂ ಅದರೊಂದಿಗೇ ಕೊಡೋಣ. ಸಂಗ್ರಹಾಲಯಕ್ಕೆ ಬರೆಯಬೇಕಾದ ಅನುಮತಿಪತ್ರದ ಕರಡನ್ನು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ತಿದ್ದುವವರು ಇಂದೇ ತಿದ್ದಬಹುದು.